ಕಂಟೇನರ್ ಒಳಗೆ ಬೋರ್ಡ್ ಕಾಣಿಸ್ತಿಲ್ಲ ಅನ್ನೋರಿಗೆ

ಪ್ರಶ್ನೆ: ಲಿನಕ್ಸ್ ಡೆಸ್ಕ್‌ಟಾಪಲ್ಲಿ ಡಾಕರ್ ಕಂಟೇನರ್ (ಪ್ರೋಗ್ರಾಂಗಳನ್ನ ಉಳಿದ ಸಿಸ್ಟಮ್ಮಿಂದ ಬೇರೆಯಾಗಿ ಓಡಿಸೋ ಡಬ್ಬಿ) ಮಾಡಿ ಆರ್ಮ್ ಟೂಲ್‌ಚೈನು (ಆರ್ಮ್ ಚಿಪ್ಪಿನ ಬೋರ್ಡಿಗೆ ಕೋಡ್ ಕಂಪೈಲ್ ಮಾಡೋ ಟೂಲ್‌ಗಳು), ಓಪನ್‌ಓಸಿಡಿ (ಬೋರ್ಡಿಗೆ ಕೋಡ್ ಹಾಕೋ, ಡಿಬಗ್ ಮಾಡೋ ಪ್ರೋಗ್ರಾಂ) ಎಲ್ಲಾ ಹಾಕಿದೀನಿ ಸರ್. ಬಿಲ್ಡ್ ಆಗತ್ತೆ, ಎಸ್‌ಟಿ-ಲಿಂಕ್ (ಬೋರ್ಡನ್ನ ಯುಎಸ್‌ಬಿಗೆ ಜೋಡಿಸೋ ಡಿಬಗರ್) ಮಾತ್ರ ಸಿಗಲ್ಲ. ಕಂಟೇನರ್ ಓಡಿಸುವಾಗ ಪ್ರಿವಿಲೆಜ್ಡ್ (ಪೂರ್ತಿ ಅಧಿಕಾರ) ಅಂತ ಕೊಟ್ರೆ ಸಿಗತ್ತೆ, ಕೇಬಲ್ ಕಿತ್ತು ಹಾಕಿದ್ರೆ ಮತ್ತೆ ಮಾಯ. ಏನ್ ಮಾಡ್ಲಿ?

ಉತ್ತರ: ಇದೇ ಪ್ರಶ್ನೆ ಎಷ್ಟು ಸಲ ಬರತ್ತೋ. ಪ್ರಿವಿಲೆಜ್ಡ್ ಕೊಡಿ ಎಲ್ಲಾ ಸರಿಹೋಗತ್ತೆ ಅಂತ ವಿಡಿಯೋ ಮಾಡಿ ಬಿಟ್ಟಿರೋ ಪಂಡಿತರನ್ನ ಮೊದಲು ಮರೆತುಬಿಡಿ, ಅದು ಮನೆ ಬೀಗದ ಕೈ ಗೊಂಚಲನ್ನೇ ಕೈಗಿಟ್ಟ ಹಾಗೆ, ನಿಮ್ಮ ಹಾರ್ಡ್‌ಡಿಸ್ಕ್ ಕೂಡ ಕಂಟೇನರ್‌ಗೆ ಸಿಗತ್ತೆ. ಅಷ್ಟು ಕೊಟ್ರೂ ಕೇಬಲ್ ಕಿತ್ರೆ ಯಾಕೆ ಹೋಗತ್ತೆ? ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸೋ ಕಮ್ಯಾಂಡು) ಓಡಿಸಿ ನೋಡಿ, ಕೀಳೋಕೆ ಮುಂಚೆ ಡಿವೈಸ್ 007 ಅಂತಿದ್ದಿದ್ದು ಮತ್ತೆ ಹಾಕಿದ್ಮೇಲೆ 008 ಆಗಿರತ್ತೆ. ಕಂಟೇನರ್ ಒಳಗಿನ ಡೆವ್ ಫೋಲ್ಡರಲ್ಲಿ (ಸಾಧನಗಳ ಫೈಲ್ ಇರೋ ಜಾಗ) ಕಂಟೇನರ್ ಶುರುವಾದಾಗ ಏನಿತ್ತೋ ಅಷ್ಟೇ, 008 ಬಂದಿದ್ದು ಅದಕ್ಕೆ ಗೊತ್ತೇ ಇಲ್ಲ. ಬೋರ್ಡ್ ಡಿಎಫ್‌ಯು ಮೋಡ್‌ಗೆ (ಯುಎಸ್‌ಬಿ ಮೂಲಕಾನೇ ಹೊಸ ಕೋಡ್ ಹಾಕಿಸ್ಕೊಳ್ಳೋ ಮೋಡ್) ಹೋದಾಗ್ಲೂ ಇದೇ ಕಥೆ, ಕೇಬಲ್ ಮುಟ್ಟೋದೇ ಬೇಡ.

ನಾನು ಮಾಡೋದು ಇಷ್ಟೆ. ಕಂಪೈಲರು, ಸಿಮೇಕು (ಬಿಲ್ಡ್ ಟೂಲು), ಜಿಡಿಬಿ (ಡಿಬಗರ್ ಪ್ರೋಗ್ರಾಂ) ಒಳಗೆ. ಓಪನ್‌ಓಸಿಡಿ ಹೊರಗೆ, ಹೋಸ್ಟಲ್ಲೇ, ಅಂದ್ರೆ ನಿಮ್ಮ ಡೆಸ್ಕ್‌ಟಾಪಲ್ಲೇ. ಅದು 3333ನೇ ಪೋರ್ಟಲ್ಲಿ ಕಾಯ್ತಾ ಕೂತಿರತ್ತೆ, ಒಳಗಿನ ಜಿಡಿಬಿ ಅಲ್ಲಿಗೆ ಕನೆಕ್ಟ್ ಆದ್ರೆ ಆಯ್ತು, ಫ್ಲ್ಯಾಶೂ ಆಗತ್ತೆ ಡಿಬಗ್ಗೂ ಆಗತ್ತೆ, ಯುಎಸ್‌ಬಿ ಗೋಳು ಒಳಗೆ ಬರೋದೇ ಇಲ್ಲ. ಓಪನ್‌ಓಸಿಡಿ ಸುಮ್ನೆ ಬಿಟ್ರೆ ಲೋಕಲ್‌ಹೋಸ್ಟಿಗೆ ಮಾತ್ರ ಓಗೊಡತ್ತೆ, ಅದಕ್ಕೆ ಕಂಟೇನರನ್ನ ಹೋಸ್ಟ್ ನೆಟ್‌ವರ್ಕಲ್ಲಿ ಓಡಿಸಿ. ಎಲ್ಲಾ ಅಡ್ರೆಸ್ಸಿಗೂ ಬೈಂಡ್ ಮಾಡಕ್ಕೆ ಹೋಗ್ಬೇಡಿ, ಪಕ್ಕದ ಮೇಜಿನವ್ರು ನಿಮ್ಮ ಬೋರ್ಡ್ ಅಳಿಸಬಹುದು, ಪಾಸ್‌ವರ್ಡ್ ಗೀಸ್‌ವರ್ಡ್ ಏನೂ ಕೇಳಲ್ಲ ಅದು.

ಇಲ್ಲ, ಒಳಗಿಂದಾನೇ ಫ್ಲ್ಯಾಶ್ ಮಾಡ್ಬೇಕು ಅಂತ ಹಠ ಇದ್ರೆ ಯುಎಸ್‌ಬಿ ಬಸ್ ಫೋಲ್ಡರನ್ನ ಮೌಂಟ್ ಮಾಡಿ, ಸಿಗ್ರೂಪ್ ರೂಲಲ್ಲಿ (ಕಂಟೇನರ್ ಯಾವ ಸಾಧನ ಮುಟ್ಟಬಹುದು ಅನ್ನೋ ನಿಯಮ) ಮೇಜರ್ ನಂಬರ್ 189ಕ್ಕೆ, ಅಂದ್ರೆ ಯುಎಸ್‌ಬಿ ಸಾಧನಗಳಿಗೆ ಮಾತ್ರ ಅನುಮತಿ ಕೊಡಿ. ಯುಡೆವ್ ರೂಲನ್ನ (ಸಾಧನ ಚುಚ್ಚಿದಾಗ ಅದಕ್ಕೆ ಅನುಮತಿ ಕೊಡೋ ನಿಯಮ) ಡಾಕರ್‌ಫೈಲಲ್ಲಿ (ಇಮೇಜ್ ಕಟ್ಟೋ ಫೈಲು) ಬರ್ದು ಕೆಲಸ ಮಾಡ್ತಿಲ್ಲ ಅನ್ನೋರೇ, ಕಂಟೇನರ್ ಒಳಗೆ ಯುಡೆವ್ ಓಡ್ತಾನೇ ಇರಲ್ಲ, ಅದನ್ನ ಹೋಸ್ಟಲ್ಲಿ ಹಾಕಿ.

ಪ್ರಶ್ನೆ: ಕಂಟೇನರ್ ಇಮೇಜ್ ಚಿಕ್ಕದಾಗ್ಲಿ ಅಂತ ಆಲ್ಪೈನ್ (ಪುಟ್ಟ ಲಿನಕ್ಸ್) ತಗೊಂಡೆ, ಕಂಪೈಲರ್ ಫೈಲ್ ಕಣ್ಮುಂದೇನೇ ಇದೆ, ಓಡಿಸಿದ್ರೆ ಫೈಲ್ ಇಲ್ಲ ಅನ್ನತ್ತೆ?

ಉತ್ತರ: ಇಲ್ಲದೆ ಇರೋದು ಕಂಪೈಲರ್ ಅಲ್ಲ, ಅದು ಹುಡುಕ್ತಿರೋ ಜಿಲಿಬ್‌ಸಿ (ಹೆಚ್ಚಿನ ಲಿನಕ್ಸುಗಳ ಸಿ ಲೈಬ್ರರಿ) ಲೋಡರ್. ಆಲ್ಪೈನಲ್ಲಿರೋದು ಮಸ್ಲ್ ಅನ್ನೋ ಬೇರೆ ಸಿ ಲೈಬ್ರರಿ. ಡೆಬಿಯನ್ ಸ್ಲಿಮ್ ತಗೊಳ್ಳಿ.

ಪ್ರಶ್ನೆ: ಇಮೇಜಿಗೆ ಲೇಟೆಸ್ಟ್ ಟ್ಯಾಗ್ ಹಾಕಿದ್ರೆ ಒಳ್ಳೇದಲ್ವಾ?

ಉತ್ತರ: ಅಲ್ಲ.

ಪ್ರಶ್ನೆ: ಬಿಲ್ಡ್ ಫೋಲ್ಡರ್ ಡಿಲೀಟೇ ಆಗ್ತಿಲ್ಲ, ಎಲ್ಲಾ ರೂಟ್ ಹೆಸರಲ್ಲಿದೆ.

ಉತ್ತರ: ರನ್ ಮಾಡುವಾಗ ನಿಮ್ಮ ಯೂಸರ್ ಐಡಿ ಕೊಡಿ. 777 (ಎಲ್ಲರಿಗೂ ಎಲ್ಲಾ ಅನುಮತಿ) ಹೊಡೀರಿ ಅಂತ ಯಾರಾದ್ರೂ ಹೇಳಿದ್ರೆ ಅವ್ರ ಮಾತು ಅಲ್ಲಿಗೇ ಬಿಡಿ.