ತೀರ್ಥಹಳ್ಳಿಯ ಚಳಿಗೆ 30 ಕೆ.ಜಿ. ಆಮೆಗೆ ಎಂಥ ಮನೆ ಕಟ್ಟಬೇಕು?

ನೀವು ಬಳ್ಳಾರಿಯಿಂದ ತೀರ್ಥಹಳ್ಳಿಗೆ ವರ್ಗವಾಗಿ ಬರುತ್ತಿದ್ದೀರಿ, ಜೊತೆಯಲ್ಲಿ 30 ಕೆ.ಜಿ. ತೂಗುವ ಸುಲ್ಕಾಟಾ ಆಮೆ ಇದೆ, ಡಿಸೆಂಬರ್ ಚಳಿಗೆ ಅದನ್ನು ಹಳೆಯ ಕೊಟ್ಟಿಗೆಯಲ್ಲಿ ಇಡಬಹುದೇ ಎಂದು ಕೇಳಿದ್ದೀರಿ. ಹೊಸನಗರದ ಕಡೆಯ ನಮ್ಮ ಮನೆಯಲ್ಲಿ ಇದೇ ಜಾತಿಯ ಆಮೆ ಒಂಬತ್ತು ಮಳೆಗಾಲ ಕಳೆದಿದೆ. ಮಳೆಗಾಲದ ಲೆಕ್ಕವನ್ನೇ ಹೇಳುತ್ತಿದ್ದೇನೆ, ಏಕೆಂದರೆ ಇಲ್ಲಿ ಡಿಸೆಂಬರಿಗಿಂತ ಜುಲೈಗೆ ಹೆಚ್ಚು ಹೆದರಬೇಕು.

ಡಿಸೆಂಬರ್, ಜನವರಿಯ ರಾತ್ರಿ 14-15 ಡಿಗ್ರಿಗೆ ಇಳಿದರೂ ಹಗಲಿನ ಬಿಸಿಲು ಚುರುಕಾಗಿರುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಆಮೆ ಅಂಗಳದಲ್ಲಿ ಮೈ ಕಾಯಿಸಿಕೊಂಡು ಮೇಯಲು ಹೊರಡುತ್ತದೆ. ಆಷಾಢದಲ್ಲಿ ಹಗಲೂ ರಾತ್ರಿಯೂ 20-23 ಡಿಗ್ರಿಯ ಆಸುಪಾಸು, ವಾರಗಟ್ಟಲೆ ಬಿಸಿಲಿಲ್ಲ, ಗೋಡೆ ಮುಟ್ಟಿದರೆ ಕೈ ಒದ್ದೆ. ನಮಗೆ ಅದು ಚಳಿಯೇ ಅಲ್ಲ. ಆದರೆ ಈ ಆಮೆಯ ತವರು ಸಹಾರಾದ ದಕ್ಷಿಣ ಅಂಚಿನ ಸಾಹೆಲ್. ಮೈ 30 ಡಿಗ್ರಿಯ ಹತ್ತಿರ ಬಾರದಿದ್ದರೆ ತಿಂದ ಹುಲ್ಲು ಸರಿಯಾಗಿ ಅರಗುವುದಿಲ್ಲ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಚಳಿಗಾಲದ ದೀರ್ಘನಿದ್ರೆಗೆ ಹೋಗುವ ಜಾತಿಯೂ ಇದಲ್ಲ. ಮಂಕಾಗಿ ಮೂಲೆ ಸೇರಿದರೆ ಮಲಗಿದೆ ಎಂದುಕೊಳ್ಳಬೇಡಿ.

ಮೊದಲ ವರ್ಷ ನಾನೂ ಕೊಟ್ಟಿಗೆಯ ಮೂಲೆಯಲ್ಲೇ ಇಟ್ಟಿದ್ದೆ. ಮೇಲೆ ಹೆಂಚು, ಕೆಳಗೆ ದಪ್ಪನಾಗಿ ಹುಲ್ಲು, ಪಕ್ಕದಲ್ಲೇ ದನಗಳ ಕಾವು, ಅಷ್ಟು ಸಾಕೆನಿಸಿತ್ತು. ಜುಲೈ ಕೊನೆಗೆ ಮೂಗಿನಲ್ಲಿ ಗುಳ್ಳೆ ಕಾಣಿಸಿತು, ಆಮೇಲೆ ಬಾಯಿ ತೆರೆದು ಉಸಿರೆಳೆಯತೊಡಗಿತು. ಶಿವಮೊಗ್ಗಕ್ಕೆ ಒಯ್ದು ಪಶುವೈದ್ಯರಿಂದ ಮೂರು ವಾರ ಚುಚ್ಚುಮದ್ದು ಕೊಡಿಸಬೇಕಾಯಿತು. ಕುತ್ತಿಗೆ ಚಾಚಿ ಅದು ಉಸಿರಿಗೆ ಒದ್ದಾಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಆಮೆಗೆ ಹಾಗಾಗಬಾರದೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೊಟ್ಟಿಗೆ ಇರಲಿ, ಅದರೊಳಗೊಂದು ಪೆಟ್ಟಿಗೆ ಮಾಡಿಸಿ. ಇಡೀ ಕೊಟ್ಟಿಗೆಯನ್ನು ಬಿಸಿ ಮಾಡಲು ಹೋದರೆ ಕಾವೆಲ್ಲ ಹೆಂಚಿನ ಸಂದಿಯಿಂದ ಹೊರಟುಹೋಗುತ್ತದೆ. ನಮ್ಮ ಪೆಟ್ಟಿಗೆ 6 ಅಡಿ ಉದ್ದ, 4 ಅಡಿ ಅಗಲ, ಎರಡೂವರೆ ಅಡಿ ಎತ್ತರ. ಎರಡು ಪ್ಲೈವುಡ್ ಹಲಗೆಗಳ ನಡುವೆ 2 ಇಂಚಿನ ಥರ್ಮಾಕೋಲ್ ಇದೆ. ಗೋಡೆಗೆ, ಮುಚ್ಚಳಕ್ಕೆ ಮಾತ್ರವಲ್ಲ, ತಳಕ್ಕೂ. ನೆಲದ ಥಂಡಿ ಹತ್ತುವುದು ತಳದಿಂದಲೇ, ಬಡಗಿಗಳು ಬಿಟ್ಟುಬಿಡುವುದೂ ಅದನ್ನೇ. ಥರ್ಮಾಕೋಲ್ ಎಲ್ಲಿಯೂ ಹೊರಗೆ ಕಾಣಬಾರದು, ಕಂಡರೆ ಆಮೆ ಕಚ್ಚಿ ತಿನ್ನುತ್ತದೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಪೆಟ್ಟಿಗೆಯನ್ನು ಎತ್ತರಿಸಿ, ಹತ್ತಲು ಇಳಿಜಾರಿನ ಹಲಗೆ ಹಾಕಿ, ಕಾಲು ಜಾರದಂತೆ ಅಡ್ಡಪಟ್ಟಿ ಹೊಡೆಸಿ. ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳನ್ನು ಇಳಿಬಿಟ್ಟರೆ ಅದು ತಾನೇ ತಳ್ಳಿಕೊಂಡು ಓಡಾಡುತ್ತದೆ.

ಕಾವಿಗೆ ಎಣ್ಣೆ ತುಂಬಿದ ಸಣ್ಣ ರೂಮ್ ಹೀಟರ್ ಒಳ್ಳೆಯದು. ಆಮೆ ಗುದ್ದದಂತೆ ಅದರ ಮುಂದೆ ಗಟ್ಟಿ ಕಟಕಟೆ ಬೇಕು. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಲೇಬೇಡಿ. ಮಳೆಗಾಲದಲ್ಲಿ ನಾನು ರಾತ್ರಿ 27, ಹಗಲು 31 ಡಿಗ್ರಿಗೆ ಇಡುತ್ತೇನೆ. ಉಷ್ಣಮಾಪಕವನ್ನು ಆಮೆಯ ಬೆನ್ನಿನ ಎತ್ತರಕ್ಕೆ ಕಟ್ಟಿ. ಒಂದೇ ದೊಡ್ಡ ಬಲ್ಬನ್ನು ಮೇಲೆ ತೂಗುಹಾಕುವವರಿದ್ದಾರೆ. ದೊಡ್ಡ ಆಮೆಯ ಚಿಪ್ಪಿನ ನೆತ್ತಿ ಬಲ್ಬಿಗೆ ತೀರಾ ಹತ್ತಿರವಾಗಿ ಸುಟ್ಟುಹೋಗುತ್ತದೆ, ಹೊಟ್ಟೆಯಡಿ ತಣ್ಣಗೇ ಉಳಿಯುತ್ತದೆ.

ಮಲೆನಾಡಿನ ಮಳೆಯಲ್ಲಿ ಕರೆಂಟು ಎರಡು ದಿನ ಹೋಗುವುದೂ ಉಂಟು. ಪೆಟ್ಟಿಗೆ ಬಿಗಿಯಾಗಿದ್ದರೆ ಕೆಲವು ಗಂಟೆ ಕಾವು ಹಿಡಿಯುತ್ತದೆ. ಆಮೇಲೆ ಬಚ್ಚಲ ಹಂಡೆಯ ಬಿಸಿನೀರನ್ನು ಕ್ಯಾನುಗಳಿಗೆ ತುಂಬಿ, ಗೋಣಿ ಸುತ್ತಿ ಒಳಗಿಡಿ, ಆರಿದಂತೆ ಬದಲಿಸಿ. ಕೆಂಡದ ಬಾಣಲೆ ಇಡಿ ಎಂದು ಯಾರಾದರೂ ಹೇಳಿಯಾರು, ಖಂಡಿತ ಬೇಡ. ಮುಚ್ಚಿದ ಪೆಟ್ಟಿಗೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಆಮೆಯನ್ನು ಕೊಲ್ಲುತ್ತದೆ.

ಹಗಲು ತಿರುಗಾಡಲು ಕೊಟ್ಟಿಗೆಯ ಮುಂದೆ ಅಡಿಕೆ ಒಣಗಿಸುವ ಪಾರದರ್ಶಕ ಶೀಟಿನ ಮಾಡು ಇಳಿಸಿದ್ದೇವೆ. ಬೆಳಕು ಧಾರಾಳ. ಆದರೆ ಚಿಪ್ಪು, ಮೂಳೆ ಗಟ್ಟಿಯಾಗಲು ಬೇಕಾದ ಯುವಿ-ಬಿ ಕಿರಣ ಪಾಲಿಕಾರ್ಬೊನೇಟ್ ಶೀಟನ್ನೂ ಗಾಜನ್ನೂ ದಾಟುವುದಿಲ್ಲ. ಅದಕ್ಕೆ ಯುವಿ-ಬಿ ಟ್ಯೂಬ್ ಬೇರೆ ಹಾಕಬೇಕು. ಮಳೆ ಹೊಳವಾಗಿ ಬಿಸಿಲು ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಹೊರಗೆ ಬಿಡಿ.

ಬಿಲ ತೋಡುವುದು ಈ ಆಮೆಯ ಹುಟ್ಟುಗುಣ. ಸಾಹೆಲ್‌ನ ಬಿಸಿಗೂ ಒಣಹವೆಗೂ ಆಳದ ಬಿಲವೇ ಅದಕ್ಕೆ ರಕ್ಷೆ. ನಮ್ಮ ಮಣ್ಣಿನಲ್ಲಿ ಅದೇ ಬಿಲ ಒಂದೇ ಮಳೆಗೆ ನೀರು ತುಂಬಿ ಕುಸಿಯುತ್ತದೆ. ಜೂನ್‌ಗೆ ಮೊದಲೇ ಬಿಲ ಮುಚ್ಚಿ, ಸಂಜೆ ಆಮೆ ಪೆಟ್ಟಿಗೆಯೊಳಗಿದೆಯೇ ಎಂದು ದಿನವೂ ನೋಡಿ.

ಮೇವಿನಲ್ಲಿ ಎಚ್ಚರ ಬೇಕಾದದ್ದು ತೋಟದ ಹುಲ್ಲಿಗೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಾಗ ಮೈಲುತುತ್ತ ಕೆಳಗಿನ ಹುಲ್ಲಿಗೂ ಬೀಳುತ್ತದೆ. ನಾವು ಬ್ಯಾಣದ (ತೋಟದಾಚೆಯ ಹುಲ್ಲುಗಾವಲಿನ) ಹುಲ್ಲು, ಬೇಸಿಗೆಯಲ್ಲಿ ಕೊಯ್ದಿಟ್ಟ ಒಣ ಕರಡ, ದಾಸವಾಳದ ಸೊಪ್ಪು ಕೊಡುತ್ತೇವೆ. ಹಲಸು, ಬಾಳೆಹಣ್ಣು ಬೇಡ. ಬೂಸ್ಟು ಹಿಡಿದ ಹುಲ್ಲನ್ನು ಹಾಸಿಗೆಗೂ ಬಳಸಬೇಡಿ.

ಸಾಗಿಸುವ ಮೊದಲು ಕಾಗದಪತ್ರ ನೋಡಿಕೊಳ್ಳಿ. ಸುಲ್ಕಾಟಾ ವಿದೇಶಿ ಜಾತಿಯಾದ್ದರಿಂದ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಜೊತೆಗೊಂದು ನಕ್ಷತ್ರ ಆಮೆ ತಂದುಕೊಡುತ್ತೇವೆ ಎಂದು ಯಾರಾದರೂ ಬಂದರೆ ಒಪ್ಪಬೇಡಿ. ಅದನ್ನು ಮನೆಯಲ್ಲಿ ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ನಿಮ್ಮ ಆಮೆಯ ಬೆನ್ನಿನ ಅಗಲ, ಎತ್ತರ ಅಳೆದು ಕೆಳಗೆ ಬರೆಯಿರಿ. ಅದು ಇನ್ನೂ ಬೆಳೆಯುತ್ತದೆ, ಆ ಲೆಕ್ಕ ಹಿಡಿದು ಬಾಗಿಲಿನ ಅಳತೆ ತಿಳಿಸುತ್ತೇನೆ.