ದಕ್ಷಿಣ ಕೊರಿಯಾದ ಬುಸಾನ್ ನಗರದಲ್ಲಿ ಒಂದೇ ದಿನವಿದ್ದರೆ ಏನೇನು ನೋಡಬಹುದು?

ಬೆಳಿಗ್ಗೆ ಬೇಗನೆ ಹೇದೋಂಗ್ ಯೋಂಗ್‌ಗುಂಗ್‌ಸಾ ದೇವಾಲಯಕ್ಕೆ ಹೊರಡಿ. ಕೊರಿಯಾದ ಹಳೆಯ ಬೌದ್ಧ ದೇವಾಲಯಗಳಲ್ಲಿ ಹೆಚ್ಚಿನವು ಬೆಟ್ಟಗಳ ಮಡಿಲಲ್ಲಿವೆ. 1376ರಲ್ಲಿ ಸ್ಥಾಪನೆಯಾದ ಇದು ಮಾತ್ರ ಕಡಲ ಬಂಡೆಗಳ ಮೇಲೆಯೇ ನಿಂತಿದೆ. ಈಗಿನ ಕಟ್ಟಡಗಳು 20ನೇ ಶತಮಾನದವು. 108 ಮೆಟ್ಟಿಲು ಇಳಿಯಬೇಕು, ವಯಸ್ಸಾದವರು ಜೊತೆಗಿದ್ದರೆ ಇದು ನೆನಪಿರಲಿ.

ಆದರೆ ಹೆಚ್ಚು ಹೊತ್ತನ್ನು ಗುಡ್ಡದ ಮೇಲಿನ ಬಡಾವಣೆ ಗಾಮ್‌ಚೊನ್‌ಗೆ ಮೀಸಲಿಡಿ ಎಂಬುದು ನನ್ನ ಖಚಿತ ಸಲಹೆ. 1950ರ ದಶಕದಲ್ಲಿ, ಕೊರಿಯಾ ಯುದ್ಧದಿಂದ ನೆಲೆ ಕಳೆದುಕೊಂಡವರು ಈ ಕಡಿದಾದ ಗುಡ್ಡದಲ್ಲಿ ಸಾಲುಸಾಲಾಗಿ ಮನೆ ಕಟ್ಟಿಕೊಂಡರು. ಮುಂದಿನ ಮನೆ ಹಿಂದಿನ ಮನೆಯ ನೋಟಕ್ಕೆ ಅಡ್ಡಬಾರದಂತೆ ಕಟ್ಟಿರುವುದು ಇಲ್ಲಿನ ವಿಶೇಷ. 2009ರಲ್ಲಿ ಶುರುವಾದ ಕಲಾ ಯೋಜನೆ ಬಡ ಬಡಾವಣೆಗೆ ಬಣ್ಣ ತಂದಿತು. ಇಂದಿಗೂ ಜನ ವಾಸವಿರುವ ಜಾಗವಿದು. ಕಿಟಕಿಗಳೊಳಗೆ ಕ್ಯಾಮೆರಾ ತಿರುಗಿಸಬೇಡಿ, ದಯವಿಟ್ಟು.

ಮೀನು ತಿನ್ನುವವರಾದರೆ ಮಧ್ಯಾಹ್ನದ ಊಟಕ್ಕೆ ಜಗಾಲ್ಚಿ ಮಾರುಕಟ್ಟೆ ಸರಿ: ಕೆಳಗೆ ಮೀನು ಆರಿಸಿಕೊಟ್ಟರೆ ಮೇಲಿನ ಮಹಡಿಯಲ್ಲಿ ಅಡುಗೆ ಮಾಡಿಕೊಡುತ್ತಾರೆ.

ಹೇಉಂದೇ ಕಡಲತೀರ ಹೆಸರುವಾಸಿ, ಆದರೆ ಆಗಸ್ಟ್‌ನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಸಂಜೆಗೆ ಗ್ವಾಂಗಲ್ಲಿ ಕಡಲತೀರವೇ ಮೇಲು. ಕತ್ತಲಾದ ಮೇಲೆ ಗ್ವಾಂಗಾನ್ ಸೇತುವೆಯ ದೀಪಗಳು ಎದುರಿಗೇ ಕಾಣುತ್ತವೆ. ಅಲ್ಲಿಗೆ ಮೆಟ್ರೊದಲ್ಲೇ ಹೋಗಬಹುದು.