ಹಳೇ ಸ್ಪ್ಲೆಂಡರ್ ಏರಲ್ಲಿ ಜರ್ಕ್ ಹೊಡೆದು ನಿಲ್ತದೆ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಗ್ತದೆ, ಬೋರ್ ಮಾಡಿಸ್ಬೇಕಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 2002ರ ಸ್ಪ್ಲೆಂಡರ್, ಅಪ್ಪನ ಗಾಡಿ, ಮನೆ ಹೊಸನಗರದ ಕಡೆ. ಬೆಳಿಗ್ಗೆ ಚೋಕ್ ಹಾಕಿದ್ರೆ ಸುಲಭಕ್ಕೆ ಸ್ಟಾರ್ಟ್ ಆಗ್ತದೆ, ಮೂರ್ನಾಲ್ಕು ಕಿಲೋಮೀಟರ್ ಚೆನ್ನಾಗೇ ಓಡ್ತದೆ, ಏರು ಸಿಕ್ಕಿದ ಕೂಡ್ಲೇ ಜರ್ಕ್ ಹೊಡೆದು ಹೊಡೆದು ನಿಲ್ತದೆ, ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಹೊರಡ್ತದೆ. ಪ್ಲಗ್ ಬದಲಾಯ್ಸಿದೀರಿ, ಕಾರ್ಬೋರೇಟರ್ ಕ್ಲೀನ್ ಮಾಡ್ಸಿದೀರಿ, ಈಗ ಮೆಕ್ಯಾನಿಕ್ ಬೋರ್ ಹೋಗಿದೆ, ಅಂದ್ರೆ ಪಿಸ್ಟನ್ ಆಡೋ ಸಿಲಿಂಡರ್ ಒಳಮೈ ಸವೆದಿದೆ ಅಂತಿದಾರೆ, ಬೋರ್ ಕಿಟ್ (ಹೊಸ ಸಿಲಿಂಡರ್, ಪಿಸ್ಟನ್ ಸೆಟ್) ಹಾಕಿಸ್ಲಾ ಇಲ್ಲ ಗುಜರಿಗೆ ಹಾಕ್ಲಾ ಅಂತ ಕೇಳಿದೀರಿ.

ಸದ್ಯಕ್ಕೆ ಎರಡೂ ಬೇಡ ಮಾರಾಯ್ರೇ.

ನಾನು ಮೆಕ್ಯಾನಿಕ್ ಅಲ್ಲ, ತೀರ್ಥಹಳ್ಳಿ ಹತ್ರ ಅಡಿಕೆ ತೋಟ ಇರೋನು. ಮನೇಲಿ ಒಂದು ಹಳೇ ಹೀರೋ ಹೋಂಡಾ ಸಿಡಿ 100 ಎಸ್‌ಎಸ್ ಬೈಕ್ ಇದೆ, ಅದೂ ನಿಮ್ಮ ಸ್ಪ್ಲೆಂಡರೂ ಒಂದೇ ಜಾತಿ ಇಂಜಿನ್, 97.2 ಸಿಸಿ. ನಮ್ಮ ಕಡೆ ಗ್ಯಾರೇಜಿಗೆ ಹೋಗ್ಬೇಕು ಅಂದ್ರೆ ಅರ್ಧ ದಿನ ಹೋಗ್ತದೆ, ಹಂಗಾಗಿ ಅದನ್ನ ಬಿಚ್ಚಿ ಕಟ್ಟಿ ಕಟ್ಟೀ ಅಕ್ಕಪಕ್ಕದವ್ರ ಗಾಡಿಗೂ ಈಗ ನಾನೇ ಡಾಕ್ಟ್ರು.

ಮೊದ್ಲು ಬೋರ್ ವಿಷಯ. ಬೋರ್ ಹೋದ ಇಂಜಿನ್ ಹತ್ತು ನಿಮಿಷ ರೆಸ್ಟ್ ತಗೊಂಡು ಗುಣ ಆಗಲ್ಲ. ಬೋರ್ ಹೋಗಿದ್ರೆ ಸೈಲೆನ್ಸರಲ್ಲಿ ನೀಲಿ ಹೊಗೆ ಬರ್ಬೇಕು, ಇಂಜಿನ್ ಆಯಿಲ್ ಕಮ್ಮಿ ಆಗ್ತಾ ಹೋಗ್ಬೇಕು, ಕಿಕ್ಕರ್ ಕೈಯಲ್ಲಿ ಒತ್ತಿದ್ರೂ ಸಲೀಸಾಗಿ ಇಳೀಬೇಕು. ಇದ್ಯಾವ್ದೂ ನೀವು ಬರ್ದಿಲ್ಲ. ಕಪ್ಪು ಹೊಗೆ ಬಂದ್ರೆ ಅದು ಪೆಟ್ರೋಲ್ ಜಾಸ್ತಿ ಆಗಿರೋದು, ಅದಕ್ಕೂ ಬೋರಿಗೂ ಸಂಬಂಧ ಇಲ್ಲ.

ನಿಮ್ಮ ಮೆಕ್ಯಾನಿಕ್ ಕೆಲಸ ಗೊತ್ತಿಲ್ದೋರು ಅಂತ ನಾನು ಹೇಳ್ತಿಲ್ಲ. ಗಾಡಿ ನಿಂತಾಗ ನೀವು ಕಾಯ್ತೀರಿ, ಅದು ತಣ್ಣಗಾಗ್ತದೆ, ಸ್ಟಾರ್ಟ್ ಆಗ್ತದೆ, ಹಂಗೇ ಗ್ಯಾರೇಜಿಗೆ ಓಡಿಸ್ಕೊಂಡು ಹೋಗ್ತೀರಿ, ಅಲ್ಲಿ ಅವ್ರ ಮುಂದೆ ಗುಂಯ್ ಅಂತ ಚೆನ್ನಾಗೇ ಇರ್ತದೆ. ಅವ್ರಾದ್ರೂ ಏನು ಮಾಡ್ತಾರೆ ಪಾಪ, ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಾಯ್ಸ್ತಾ ಹೋಗ್ತಾರೆ, ದುಡ್ಡು ನಿಮ್ದು. ಈ ತರ ಕಾಯಿಲೆ ಹಿಡೀಬೇಕು ಅಂದ್ರೆ ಗಾಡಿ ನಿಂತ ಜಾಗದಲ್ಲೇ, ನಿಂತ ನಿಮಿಷದಲ್ಲೇ ನೋಡ್ಬೇಕು. ಅದಕ್ಕೆ ನಾಳೆ ಹೊರಡುವಾಗ ಒಂದು ಪ್ಲಗ್ ಸ್ಪ್ಯಾನರ್, ಒಂದು ಕಟಿಂಗ್ ಪ್ಲೇಯರ್, ಒಂದು ಸ್ಕ್ರೂಡ್ರೈವರ್, ಒಂದು ಒಣ ಬಟ್ಟೆ, ಒಂದು ಖಾಲಿ ಗಾಜಿನ ಬಾಟ್ಲಿ, ಒಂದು ಹೊಸ ಪ್ಲಗ್ ಬ್ಯಾಗಲ್ಲಿ ಹಾಕ್ಕೊಂಡು ಬೇಕಂತಲೇ ಅದೇ ಏರು ಹತ್ತಿಸಿ.

ನಿಂತಾಗ ಮೊದಲ ಕೆಲಸ, ಬೇರೆ ಏನೂ ಮುಟ್ದೆ ಟ್ಯಾಂಕ್ ಮುಚ್ಚಳ ತೆಗೀರಿ, ಕಿವಿ ಹತ್ರ ಇಟ್ಕೊಂಡು ತೆಗೀರಿ. ಉಸ್ ಅಂತ ಗಾಳಿ ಒಳಗೆ ಎಳ್ಕೊಂಡ್ರೆ ಬಹುಪಾಲು ಕಾಯಿಲೆ ಅಲ್ಲೇ ಇದೆ. ಮುಚ್ಚಳದಲ್ಲಿ ಗಾಳಿ ಆಡೋಕೆ ಅಂತ ಒಂದು ಸಣ್ಣ ತೂತು ಇರ್ತದೆ, ಪೆಟ್ರೋಲ್ ಕೆಳಗೆ ಇಳಿದಷ್ಟು ಗಾಳಿ ಮೇಲಿಂದ ಒಳಗೆ ಬರ್ಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಸ್ವಲ್ಪ ಸುರಿದು ನಿಂತ್ಬಿಡ್ತದಲ್ಲ, ಅದೇ ಲೆಕ್ಕ. ನಿಂತ್ಕೊಂಡು ಹತ್ತು ನಿಮಿಷ ಕಾದ್ರೆ ಗಾಳಿ ಹೇಗೋ ನುಸುಳಿ ಒಳಗೆ ಸೇರ್ತದೆ, ಗಾಡಿ ಮತ್ತೆ ಹೊರಡ್ತದೆ. ಏರಲ್ಲೇ ಯಾಕೆ ಅಂದ್ರೆ, ಸಮತಟ್ಟಲ್ಲಿ ಆಕ್ಸಿಲರೇಟರ್ ಕಾಲುಭಾಗ ತಿರುವಿದ್ರೆ ಸಾಕು, ಸಣ್ಣಗೆ ಬರೋ ಪೆಟ್ರೋಲೇ ಸಾಕಾಗ್ತದೆ, ಏರಲ್ಲಿ ಪೂರ್ತಿ ತಿರುವ್ತೀರಿ, ಕಾರ್ಬೋರೇಟರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು (ಬೌಲ್) ಖಾಲಿಯಾಗೋ ಸ್ಪೀಡಿಗೆ ಮೇಲಿಂದ ತುಂಬಲ್ಲ.

ಇದು ನಮ್ಮ ಮಲೆನಾಡಿನ ಕಾಯಿಲೆ ಅಂತಾನೇ ಹೇಳ್ಬಹುದು. ಮಳೆ ನೀರು ಟ್ಯಾಂಕಿಗೆ ಇಳೀಬಾರ್ದು ಅಂತ ಜನ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟು ಲಾಕ್ ಮಾಡ್ತಾರೆ, ಇಲ್ಲಾ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ ಹಾಕ್ತಾರೆ, ಮಳೆಗಾಲ ಮುಗಿದ್ರೂ ಅದು ಅಲ್ಲೇ ಇರ್ತದೆ. ಕೊಟ್ಟಿಗೇಲಿ ನಿಲ್ಸಿದ ಗಾಡಿ ಆದ್ರೆ ಮಣ್ಣಿನ ಗೂಡು ಕಟ್ಟೋ ಕಣಜ ಇದೆಯಲ್ಲ, ಅದಕ್ಕೆ ಇಂಥ ಸಣ್ಣ ತೂತು ಕಂಡ್ರೆ ಬಹಳ ಪ್ರೀತಿ. ನಮ್ಮ ಪಕ್ಕದ ಮನೆಯವ್ರ ಗಾಡಿ ಮುಚ್ಚಳ ಬಿಚ್ಚಿ ನೋಡಿದ್ರೆ ತೂತಿನ ಬಾಯಿಗೆ ಕೆಮ್ಮಣ್ಣಿನ ಬಿರಡೆ, ಸೂಜಿಯಲ್ಲಿ ಚುಚ್ಚಿದ್ರೆ ಗಟ್ಟಿ ಕಟ್ಟಿದ ಮಣ್ಣು ಪುಡಿಪುಡಿಯಾಗಿ ಬಂತು, ಅದರ ಜೊತೆ ಒಂದು ಒಣಗಿದ ಜೇಡನ ಕಾಲು. ಅವ್ರು ಅಷ್ಟೊತ್ತಿಗೆ ಕಾರ್ಬೋರೇಟರನ್ನೇ ಹೊಸದು ಹಾಕ್ಸಿ ಆಗಿತ್ತು.

ಉಸ್ ಅನ್ನದಿದ್ರೂ ಬಾಟ್ಲಿ ಟೆಸ್ಟ್ ಮಾಡಿ. ಇಂಜಿನ್ ಬಿಸಿ ಇರ್ತದೆ, ಪೆಟ್ರೋಲ್ ಅದರ ಮೇಲೆ ಬೀಳ್ಬಾರ್ದು, ಹತ್ರ ಯಾರೂ ಬೀಡಿ ಸೇದ್ತಾ ನಿಂತಿರ್ಬಾರ್ದು, ಕತ್ತಲಾಗಿದ್ರೆ ಮೊಬೈಲ್ ಟಾರ್ಚ್ ಹಾಕಿ, ಲೈಟರ್ ಗೀಚೋ ಪುಣ್ಯಾತ್ಮರೂ ಇದಾರೆ ಅದಕ್ಕೆ ಹೇಳ್ದೆ. ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಆಫ್ ಮಾಡಿ, ಕಾರ್ಬೋರೇಟರಿಗೆ ಹೋಗೋ ಪೈಪ್ ಕಿತ್ತು ಬಾಟ್ಲಿ ಬಾಯಿಗೆ ಹಿಡೀರಿ, ಮುಚ್ಚಳ ಹಾಕಿರೋ ಹಾಗೇ ಕಾಕ್ ಆನ್ ಮಾಡಿ ನೋಡ್ತಾ ಇರಿ. ಧಾರೆ ಶುರುವಲ್ಲಿ ಚೆನ್ನಾಗಿ ಬಂದು ಆಮೇಲೆ ಸಣ್ಣಗಾಗಿ ತೊಟ್ಟು ತೊಟ್ಟು ಬೀಳೋಕೆ ಶುರುವಾದ್ರೆ ಮುಚ್ಚಳ ತೆಗೀರಿ, ತೆಗೆದ ಕೂಡ್ಲೇ ಧಾರೆ ವಾಪಸ್ ಬಂತಾ, ಮುಚ್ಚಳದ ತೂತೇ ಕಳ್ಳ. ಮುಚ್ಚಳ ತೆಗೆದ್ರೂ ಸಣ್ಣಗೇ ಬರ್ತಿದ್ರೆ ಟ್ಯಾಂಕ್ ಒಳಗಿನ ತುಕ್ಕು ಕಾಕಿನ ಜಾಲರಿಗೆ ಕೂತಿದೆ. ಓಡುವಾಗ ಪೆಟ್ರೋಲಿನ ಜೊತೆ ತುಕ್ಕಿನ ಪುಡಿ ಬಂದು ಜಾಲರಿಗೆ ಅಂಟ್ತದೆ, ನಿಂತಾಗ ಕಳಚಿ ಕೆಳಗೆ ಬೀಳ್ತದೆ, ಹಂಗಾಗಿ ಇದೂ ಹತ್ತು ನಿಮಿಷ ಕಾದ್ರೆ ಸರಿ ಹೋದಂಗೆ ಕಾಣ್ತದೆ. ಕಾರ್ಬೋರೇಟರ್ ಎಷ್ಟು ಸಲ ಕ್ಲೀನ್ ಮಾಡ್ಸಿದ್ರೂ ಮೇಲಿಂದ ತುಕ್ಕು ಇಳೀತಾನೇ ಇದ್ರೆ ಏನು ಬಂತು. ಟ್ಯಾಂಕ್ ಇಳ್ಸಿ, ಕಾಕ್ ಬಿಚ್ಚಿ ಜಾಲರಿ ತೊಳೀರಿ, ಟ್ಯಾಂಕಿಗೆ ಸ್ವಲ್ಪ ಪೆಟ್ರೋಲ್ ಹಾಕಿ ಚೆನ್ನಾಗಿ ಅಲ್ಲಾಡ್ಸಿ ಬಗ್ಗಿಸಿ, ಕೆಂಪು ನೀರು ನಿಲ್ಲೋವರೆಗೂ.

ಬಾಟ್ಲೀಲಿ ಹಿಡಿದ ಪೆಟ್ರೋಲ್ ಚೆಲ್ಬೇಡಿ, ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಬಣ್ಣದ ಒಂದು ಪದರ ಕೂತಿದ್ರೆ ಅದು ನೀರು. ಕಾರ್ಬೋರೇಟರ್ ಬೌಲಿನ ಕೆಳಗೆ ಒಂದು ಡ್ರೈನ್ ಸ್ಕ್ರೂ ಇರ್ತದೆ, ಅದನ್ನ ಸಡಿಲ ಮಾಡಿ ಅದನ್ನೂ ಹಿಡಿದು ನೋಡಿ, ನೀರು ಭಾರ ಅಲ್ವಾ, ಮೊದ್ಲು ಅಲ್ಲೇ ಬಂದು ಕೂರೋದು. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಇದೆ, 2022ರ ಹೊತ್ತಿಗೆ ಶೇಕಡ 10 ಇದ್ದಿದ್ದು 2025ರಲ್ಲಿ 20ಕ್ಕೆ ಬಂತು. ಎಥೆನಾಲ್ ಗಾಳಿಯಲ್ಲಿರೋ ತೇವವನ್ನ ಎಳ್ಕೊಳ್ತದೆ, ಸ್ವಲ್ಪ ಇದ್ದಾಗ ಪೆಟ್ರೋಲಲ್ಲೇ ಬೆರೆತು ಗಾಡಿಗೆ ಗೊತ್ತೂ ಆಗಲ್ಲ, ಜಾಸ್ತಿ ಆದಾಗ ನೀರೂ ಎಥೆನಾಲೂ ಒಟ್ಟಿಗೆ ಬೇರೆಯಾಗಿ ತಳಕ್ಕೆ ಇಳೀತವೆ. ಜೂನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ನಮ್ಮೂರಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಗಾಡಿ ನಿಲ್ಸಿದ್ರೆ ಏನಾಗ್ತದೆ ನೀವೇ ಯೋಚ್ನೆ ಮಾಡಿ. ಹಂಗೆ ಬೇರೆಯಾದ್ರೆ ಅಲ್ಲಾಡ್ಸಿ ಮತ್ತೆ ಬೆರೆಸ್ತೀನಿ ಅನ್ನೋದು ಬೇಡ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕ್ಸಿ. ಹಳ್ಳಿ ಅಂಗಡೀಲಿ ಜ್ಯೂಸ್ ಬಾಟ್ಲೀಲಿ ಮಾರೋ ಪೆಟ್ರೋಲ್ ತೀರಾ ಗತಿ ಇಲ್ದಾಗ ಮಾತ್ರ.

ಪೆಟ್ರೋಲ್ ಧಾರೆ ಚೆನ್ನಾಗಿದೆ, ನೀರೂ ಇಲ್ಲ ಅಂದ್ರೆ ಆಗ ಪ್ಲಗ್ ಬಿಚ್ಚಿ, ಬಟ್ಟೆ ಸುತ್ಕೊಂಡು ಬಿಚ್ಚಿ ಕೈ ಸುಡ್ತದೆ. ತುದಿ ಒಣಗಿದ್ರೆ ಪೆಟ್ರೋಲ್ ಇಂಜಿನ್ನಿಗೆ ಹೋಗ್ತಿಲ್ಲ, ಅಂದ್ರೆ ಕಾರ್ಬೋರೇಟರ್ ಜೆಟ್ಟಲ್ಲೇ (ಪೆಟ್ರೋಲ್ ಹೋಗೋ ಸಣ್ಣ ತೂತಲ್ಲೇ) ಏನೋ ಕೂತಿದೆ. ಒದ್ದೆ ಇದ್ರೆ ಪೆಟ್ರೋಲ್ ಬರ್ತಿದೆ ಕಿಡಿ ಬರ್ತಿಲ್ಲ. ಆಗ ತಂದಿರೋ ಹೊಸ ಪ್ಲಗ್ಗನ್ನ ಕ್ಯಾಪಿಗೆ ಸಿಕ್ಸಿ, ಅದರ ಲೋಹದ ಮೈ ಇಂಜಿನ್ನಿಗೆ ತಾಗೋ ಹಾಗೆ, ಪ್ಲಗ್ ತೂತಿಂದ ದೂರ ಇಟ್ಟು ಯಾರಿಗಾದ್ರೂ ಕಿಕ್ ಹೊಡಿಯೋಕೆ ಹೇಳಿ. ಚಟ್ ಚಟ್ ಅಂತ ನೀಲಿ ಕಿಡಿ ಬಂದ್ರೆ ಒಳ್ಳೇದು, ಬಡಕಲು ಹಳದಿ ಕಿಡಿ ಬಂದ್ರೆ ಇಲ್ಲಾ ಬರ್ಲೇ ಇಲ್ಲ ಅಂದ್ರೆ ಸಾಮಾನ್ಯವಾಗಿ ಪ್ಲಗ್ ಕ್ಯಾಪ್, ವೈರ್, ಕಾಯಿಲ್ (ಕಿಡಿಗೆ ಬೇಕಾದ ಕರೆಂಟ್ ಕೊಡೋದು) ಇದರಲ್ಲಿ ಒಂದು ಬಿಸಿ ಆದಾಗ ಕೈ ಕೊಡ್ತಿದೆ. ಮೊದ್ಲು ಕ್ಯಾಪ್ ನೋಡಿ, ಅಗ್ಗದ್ದು ಅದೇ. ಕ್ಯಾಪನ್ನ ತಿರುಗಿಸಿ ವೈರಿಂದ ಬಿಚ್ಚಿ, ವೈರಿನ ತುದಿ ಹಸಿರು ಹಿಡಿದಿದ್ರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ಕ್ಯಾಪ್ ತಿರುಗ್ಸಿ ಕೂರ್ಸಿ. ಮಳೆ ಬಂದಾಗ ಮಾತ್ರ ಮಿಸ್ಸಿಂಗ್ ಹೊಡಿಯೋ ಗಾಡಿಗಳಿಗೆ ಸಾಮಾನ್ಯ ಇದೇ ಔಷಧಿ. ರಾತ್ರಿ ಕತ್ತಲಲ್ಲಿ ಇಂಜಿನ್ ಓಡ್ತಿರುವಾಗ ವೈರ್ ಕಡೆ ನೋಡಿ, ಮುಟ್ಬೇಡಿ, ಸುಮ್ನೆ ನೋಡಿ, ಸೋರಿಕೆ ಇದ್ರೆ ನೀಲಿ ಗೆರೆ ಓಡೋದು ಕಾಣ್ತದೆ. ಕ್ಯಾಪ್ ಬದಲಾಯ್ಸಿದ್ರೂ ಹಂಗೇ ಇದ್ರೆ ಕಾಯಿಲ್ ಕಡೆ ಹೋಗಿ, ಅದನ್ನ ಯಾರದ್ದಾದ್ರೂ ಓಡ್ತಿರೋ ಸ್ಪ್ಲೆಂಡರಿಂದ ಒಂದು ದಿನಕ್ಕೆ ಕಡ ತಂದು ಹಾಕಿ ನೋಡೋದು ಸುಲಭ. ಪ್ರತಿ ಕೇರೀಲಿ ಒಂದಾದ್ರೂ ಸ್ಪ್ಲೆಂಡರ್ ಇರ್ತದಲ್ಲ.

ಪೆಟ್ರೋಲೂ ಕಿಡಿಯೂ ಎರಡೂ ಸರಿ ಇದ್ರೆ ಉಳಿಯೋದು ಟ್ಯಾಪೆಟ್, ಅಂದ್ರೆ ಇಂಜಿನ್ನಿನ ಬಾಗ್ಲಂಗೆ ತೆರೆದು ಮುಚ್ಚೋ ವಾಲ್ವನ್ನ ಒತ್ತೋ ಭಾಗ, ಅವೆರಡರ ನಡುವೆ ಒಂಚೂರು ಸಂದು ಇರ್ಬೇಕು. ಇದರ ಬಗ್ಗೆ ನಂಗೊಂದು ಸಿಟ್ಟಿದೆ. ಗಾಡಿ ಟಿಕ್ ಟಿಕ್ ಅಂತದೆ ಅಂತ ಗಿರಾಕಿ ಹೇಳೋದು, ಮೆಕ್ಯಾನಿಕ್ ಸೌಂಡ್ ಪೂರ್ತಿ ಹೋಗೋವರೆಗೂ ಟೈಟ್ ಮಾಡೋದು, ಗಿರಾಕಿ ಖುಷಿಯಾಗಿ ಹೋಗೋದು. ಬಿಸಿ ಆದಾಗ ಲೋಹ ಹಿಗ್ತದೆ, ಸಂದು ಇಲ್ದಿದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರಿ ಹೋಗ್ತದೆ, ಗಾಡಿ ಏರಲ್ಲಿ ಸತ್ತಂಗೆ ಆಗ್ತದೆ. ತಣ್ಣಗಾದ್ರೆ ಮತ್ತೆ ಸರಿ. ಹಂಗೇ ಬಿಟ್ರೆ ವಾಲ್ವ್ ಸುಟ್ಟು ಹೋಗ್ತದೆ, ಆಗ ನಿಜವಾಗ್ಲೂ ಖರ್ಚು. ಸ್ಪ್ಲೆಂಡರಿಗೆ ಎರಡೂ ವಾಲ್ವಿಗೆ 0.05 ಮಿಲಿಮೀಟರ್ ಸಂದು, ಇಂಜಿನ್ ಪೂರ್ತಿ ತಣ್ಣಗಿರುವಾಗ, ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಇಟ್ಟೇ ಮಾಡ್ಸಿ. ಬೆರಳಲ್ಲಿ ಅಲ್ಲಾಡ್ಸಿ ಸರಿ ಇದೆ ಅನ್ನೋರ ಹತ್ರ ಬೇಡ. ಸ್ವಲ್ಪ ಟಿಕ್ ಟಿಕ್ ಇರ್ಲಿ ಬಿಡಿ, ಏನೂ ಆಗಲ್ಲ.

ಪ್ಲಗ್ ಬಿಚ್ಚಿದಾಗ ಬಣ್ಣಾನೂ ನೋಡ್ಕೊಳ್ಳಿ, ಕಾಫಿಪುಡಿ ಬಣ್ಣ ಇದ್ರೆ ಇಂಜಿನ್ ಆರಾಮಾಗಿದೆ, ಒಣ ಮಸಿ ಹಿಡಿದಿದ್ರೆ ಏರ್ ಫಿಲ್ಟರ್ ಕಟ್ಟಿದೆ ಇಲ್ಲಾ ಚೋಕ್ ಅರ್ಧ ಬಿದ್ದೇ ಇದೆ, ಬೆಳ್ಳಗೆ ಸುಣ್ಣದ ಹಾಗಿದ್ರೆ ಪೆಟ್ರೋಲ್ ಸಾಕಾಗ್ತಿಲ್ಲ. ಪ್ಲಗ್ ತುದಿಯ ಗ್ಯಾಪ್ 0.6 ಇಂದ 0.7 ಮಿಲಿಮೀಟರ್. ಏರ್ ಫಿಲ್ಟರ್ ಬಾಕ್ಸ್ ಬಿಚ್ಚುವಾಗ ಹುಷಾರು, ಕೊಟ್ಟಿಗೆ ಗಾಡಿ ಆದ್ರೆ ಇಲಿ ಒಳಗೆ ಹುಲ್ಲು ತುಂಬ್ಸಿ ಸಂಸಾರ ಮಾಡಿರ್ತದೆ, ಹಂಗೇ ವೈರಿಂಗ್ ಕಡೆನೂ ಒಂದ್ಸಲ ಕಣ್ಣಾಡ್ಸಿ.

ಮಳೆಗಾಲಕ್ಕೆ ಗಾಡಿ ನಿಲ್ಸೋದಿದ್ರೆ ಟ್ಯಾಂಕ್ ಭರ್ತಿ ಮಾಡಿ ನಿಲ್ಸಿ, ಒಳಗೆ ಗಾಳಿ ಕಮ್ಮಿ ಇದ್ದಷ್ಟು ತೇವ ಕಮ್ಮಿ, ತುಕ್ಕು ಕಮ್ಮಿ. ಕಾಕ್ ಆಫ್ ಮಾಡಿ ಇಂಜಿನ್ ತಾನಾಗೇ ನಿಲ್ಲೋವರೆಗೂ ಓಡ್ಸಿ, ಕಾರ್ಬೋರೇಟರ್ ಖಾಲಿ ಆಗ್ತದೆ. ಸೈಲೆನ್ಸರ್ ಬಾಯಿಗೆ ಒಂದು ಬಟ್ಟೆ ತುರುಕಿ, ತೆಗೆಯೋದು ಮರೀಬೇಡಿ. ವಾರಕ್ಕೊಮ್ಮೆ ಅಂಗಳದಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋರು ಇದಾರೆ, ಅದರಿಂದ ಸೈಲೆನ್ಸರ್ ಒಳಗೆ ನೀರು ಕೂರೋದು ಬಿಟ್ರೆ ಲಾಭ ಇಲ್ಲ. ಓಡ್ಸೋದಾದ್ರೆ ಚೆನ್ನಾಗಿ ಬಿಸಿ ಆಗೋವರೆಗೂ ಓಡ್ಸಿ. ಆಯಿಲ್ 10ಡಬ್ಲ್ಯೂ30, ಅಂಗಡೀಲಿ 900 ಎಂಎಲ್ ಡಬ್ಬ ಸಿಗ್ತದೆ, ಡಿಪ್‌ಸ್ಟಿಕ್ ಮೇಲಿನ ಗೆರೆ ದಾಟ್ಬಾರ್ದು.

ಗುಜರಿ ವಿಷಯಕ್ಕೆ ಬಂದ್ರೆ, ಈ ಇಂಜಿನ್ನಿಗೆ ಸಾಮಾನು ಸಿಗಲ್ಲ ಅನ್ನೋ ಚಿಂತೆ ಬೇಡ. ಕಂಪನಿ ಹೆಸರು 2011ರಲ್ಲಿ ಹೀರೋ ಹೋಂಡಾ ಇಂದ ಹೀರೋ ಮೋಟೋಕಾರ್ಪ್ ಅಂತ ಬದಲಾದ್ರೂ ಸ್ಪ್ಲೆಂಡರ್ ಇವತ್ತಿಗೂ ರೋಡಲ್ಲಿ ಅಷ್ಟೊಂದು ಇರೋದ್ರಿಂದ ಶಿವಮೊಗ್ಗದಲ್ಲಿ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ್ರೂ ಕೇಳಿದ್ದು ಕೊಡ್ತಾರೆ. ನೋಡ್ಬೇಕಾಗಿರೋದು ಆರ್‌ಸಿ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್ ಆಗ್ಬೇಕು, ನಿಮ್ದು 2017ರಲ್ಲಿ ಒಂದ್ಸಲ, 2022ರಲ್ಲಿ ಒಂದ್ಸಲ ಆಗಿರ್ಬೇಕು, ಅಪ್ಪನ್ನ ಕೇಳಿ.

ಬೋರ್ ಕಿಟ್ಟಿಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದ್ಕೊಂಡಿದೀನಿ. ಕೊಟ್ಟಿದ್ರೂ ಪರವಾಗಿಲ್ಲ, ಬಾಟ್ಲಿ ಟೆಸ್ಟ್ ಆಗೋವರೆಗೂ ಇಂಜಿನ್ ಬಿಚ್ಬೇಡಿ ಅಂತ ಇವತ್ತೇ ಒಂದು ಫೋನ್ ಮಾಡಿ ಹೇಳ್ಬಿಡಿ.